ಚೌಕದ ಕೆಳಗಿನ ಸಂಬಳ

ನನ್ನ ಸಂಬಳ ಎಷ್ಟೆಂಬುದು ನನಗಿಂತ ಮೊದಲು ಗೊತ್ತಾದದ್ದು ಒಂದು ಚೌಕದ ಕೆಳಗಿದ್ದ ಎರಡು ಕೈಗಳಿಗೆ.

ಈ ಊರಿಗೆ ಬಂದಿಳಿದ ಮರುದಿನ ಬೆಳಿಗ್ಗೆ ರೇಷ್ಮೆ ನೂಲು ಬಿಚ್ಚುವ ಕಾರ್ಖಾನೆಯ ಜಗಲಿಯ ಮುಂದೆ ಚಪ್ಪಲಿ ಬಿಟ್ಟು ನಿಂತಿದ್ದೆ. ಯಜಮಾನರು ಗೋಡೆಗೆ ಒರಗಿ ಕೂತಿದ್ದರು. ಅಲ್ಲಿ ಮೇಸ್ತ್ರಿಯಾಗಿದ್ದ ಮಾದಪ್ಪ, ನಮ್ಮ ಬೀದಿಯವನೇ, ಅವರ ಪಕ್ಕದಲ್ಲಿ ಮಂಡಿಯೂರಿದ. ಯಜಮಾನರು ಹೆಗಲ ಮೇಲಿನ ಕೆಂಪಂಚಿನ ಚೌಕ ತೆಗೆದು ತಮ್ಮ ಬಲಗೈಯ ಮೇಲೆ ಹಾಕಿಕೊಂಡರು. ಮಾದಪ್ಪ ಅದರ ಕೆಳಗೆ ಕೈ ತೂರಿಸಿದ. ಇಬ್ಬರೂ ನನ್ನ ಕಡೆ ನೋಡಲಿಲ್ಲ. ಒಬ್ಬರು ಸೂರು ನೋಡುತ್ತಿದ್ದರು, ಇನ್ನೊಬ್ಬ ಬೀದಿ ನೋಡುತ್ತಿದ್ದ. ಚೌಕ ಮಾತ್ರ ಒಳಗೆ ಇಲಿ ಹೊಕ್ಕಂತೆ ಅತ್ತಿತ್ತ ಮಿಸುಕಾಡಿತು. ಕೊನೆಗೆ ಯಜಮಾನರು ತಲೆಯಾಡಿಸಿ, ಚೌಕ ಕೊಡವಿ ಹೆಗಲಿಗೆ ಹಾಕಿಕೊಂಡು, "ಆಯ್ತು, ಒಲೆ ತೋರ್ಸಪ್ಪ ಇವ್ರಿಗೆ" ಎಂದರು. ಅಲ್ಲಿಗೆ ನಾನು ಕೆಲಸಕ್ಕೆ ಸೇರಿದಂತಾಯಿತು.

ನಮ್ಮ ಕಡೆ ಎತ್ತು ಮಾರುವಾಗ ಹೀಗೆ ಮಾಡುತ್ತಾರೆ. ದಳ್ಳಾಳಿ ಬಟ್ಟೆಯ ಕೆಳಗೆ ಬೆರಳು ಹಿಡಿದು ಬೆಲೆ ಹೇಳುತ್ತಾನೆ, ಸುತ್ತ ನಿಂತವರಿಗೆ ಗೊತ್ತಾಗುವುದಿಲ್ಲ, ಎತ್ತಿಗಂತೂ ಗೊತ್ತಾಗುವುದೇ ಇಲ್ಲ. ಮನುಷ್ಯನ ಸಂಬಳ ಹಾಗೆ ಗೊತ್ತುಮಾಡುವುದನ್ನು ಅದುವರೆಗೆ ನಾನು ಕಂಡಿರಲಿಲ್ಲ. ಅವಮಾನ ಎನಿಸಿತೇ ಎಂದು ಈಗ ಕೇಳಿದರೆ, ಇಲ್ಲ ಎನ್ನಬೇಕು. ಪರವೂರಿನ ಮರ್ಯಾದೆ ಇರಬಹುದು, ನನ್ನ ಎದುರಿಗೆ ದುಡ್ಡಿನ ಮಾತಾಡಬಾರದೆಂದು ಮುಚ್ಚಿ ಆಡಿದರು ಎಂದುಕೊಂಡೆ. ಒಳಗೆ ಸ್ವಲ್ಪ ಹೆಮ್ಮೆಯೂ ಆಯಿತು.

ಕೊಳ್ಳೇಗಾಲದ ನಮ್ಮ ವಾಚನಾಲಯದ ಮೇಷ್ಟ್ರು ತಮ್ಮ ಕೈಬರಹದ ಪತ್ರಿಕೆಗೆ ಹೊಸ ಊರಿನ ವಿಷಯ ಬರೆಯೆಂದು ಎರಡು ಸಲ ಕಾಗದ ಹಾಕಿದ್ದಾರೆ. ಮೂರನೆಯ ತರಗತಿಗೇ ಸ್ಲೇಟು ಕೆಳಗಿಟ್ಟವನು ನಾನು. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಮೇಷ್ಟ್ರ ಎರಡನೆಯ ಕಾಗದದಲ್ಲಿ ಇನ್ನೊಂದು ಮಾತಿತ್ತು. ನಮ್ಮ ಬೀದಿಯ ನಾಲ್ಕು ಜನ ಈ ಸೀಮೆಯ ಕಾರ್ಖಾನೆಗಳಿಗೆ ಅರ್ಜಿ ಹಾಕಬೇಕೆಂದಿದ್ದಾರಂತೆ. ಜಾಹೀರಾತಿನಲ್ಲಿ ಸಂಬಳ ಇಷ್ಟೆಂದು ಬರೆದಿಲ್ಲವಂತೆ. ಹಾಕಬಹುದೇ ಎಂದು ರಾಚಪ್ಪನನ್ನು ಕೇಳಿ ಎಂದರಂತೆ. ಆ ರಾಚಪ್ಪ ನಾನೇ. ಒಂದು ಸಾಲಿನಲ್ಲಿ ಉತ್ತರ ಬರೆದು ಕಳಿಸಬಹುದಿತ್ತು. ಒಂದು ಸಾಲಿನಲ್ಲಿ ಅದು ಹಿಡಿಯುವುದಿಲ್ಲ.

ನಾನು ಕಂಡ ಜಾಹೀರಾತು ನಮ್ಮ ರೇಷ್ಮೆಗೂಡಿನ ಮಂಡಿಯ ಗೋಡೆಗೆ ಅಂಟಿಸಿದ್ದು. ಯುದ್ಧ ಜೋರಾಗಿದ್ದ ಕಾಲ. ಆಕಾಶದಿಂದ ಇಳಿಯುವ ಸಿಪಾಯಿಗಳ ಕೊಡೆಗೆ ರೇಷ್ಮೆ ಬೇಕೆಂದು ಮೈಸೂರು ಸೀಮೆಯಲ್ಲಿ ಎಲ್ಲಿ ನೋಡಿದರೂ ಗೂಡು ಬೇಯಿಸುವ ಹೊಸ ಒಲೆಗಳು ಹತ್ತಿಕೊಳ್ಳುತ್ತಿದ್ದವು. "ನುರಿತ ನೂಲು ಬಿಚ್ಚುವವರು ಬೇಕು. ಸಂಬಳ ಯೋಗ್ಯತೆಗೆ ತಕ್ಕಂತೆ." ಅಷ್ಟೇ ಇದ್ದದ್ದು. ಅದೇ ವಾರ ಮಾದಪ್ಪನ ಕಾಗದವೂ ಬಂತು. ಆರು ವರ್ಷದಿಂದ ಅಲ್ಲಿದ್ದವನು. "ಸಂಬಳದ ಮಾತು ಕಾಗದದಲ್ಲಿ ಬೇಡ, ನಾನಿದ್ದೀನಿ, ಬಂದುಬಿಡು" ಎಂದು ಬರೆದಿದ್ದ.

ಮೇಷ್ಟ್ರಿಗೆ ಎರಡನ್ನೂ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿ, "ರಾಚಪ್ಪ, ಎಷ್ಟು ಅಂತ ಕೇಳ್ಬುಟ್ಟು ಹೋಗು. ಮುಕ್ಕಾಲಾಣೆ ಕಾರ್ಡು ಸಾಕು" ಎಂದರು.

"ಕೇಳಕ್ಕೆ ನಾನೇನು ಭಿಕ್ಸಕ್ಕೆ ಹೊಂಟಿದ್ದೀನಾ ಮೇಷ್ಟ್ರೆ? ಕೆಲ್ಸ ನೋಡ್ಲಿ, ಆಮೇಕೆ ಕೊಡ್ಲಿ."

"ಕೆಲ್ಸ ನೋಡಿ ಕೊಡೋರು ಗೋಡೆ ಮೇಲೆ ಬರೆಯೋಕ್ಯಾಕೆ ಹೆದರ್ತಾರೆ ಹಂಗಾರೆ?"

ಉತ್ತರ ಇಲ್ಲದಿದ್ದಾಗ ನಾನು ಗಂಟಲು ಏರಿಸುತ್ತೇನೆ, ಅದು ನಿಮಗೆಲ್ಲ ಗೊತ್ತಿರುವುದೇ. ನೂಲಿನ ಎಳೆ ಸಣ್ಣದೋ ದಪ್ಪವೋ ಎಂದು ಕಣ್ಣು ಮುಚ್ಚಿ ಬೆರಳಲ್ಲೇ ಹೇಳುವವನು ನಾನು, ಯೋಗ್ಯತೆ ಎಂದು ಬರೆದಿದ್ದಾರಲ್ಲ, ಅದು ನನಗೇ ಬರೆದದ್ದು ಎಂದೆ. ಹೆಂಡತಿ ತಾಯಮ್ಮನಿಗೆ, "ಮನೆ ಗೊತ್ತುಮಾಡಿ ನಿನ್ನೂ ಮಗೀನೂ ಕರುಸ್ಕೊತೀನಿ" ಎಂದು ಹೇಳಿ ಹೊರಟೆ.

ಊರಿಗೆ ಕಾಗದಪತ್ರದಲ್ಲಿ ವಿಜಯಪುರ ಎಂದು ಹೆಸರು. ಜನ ವಡಿಗೇನಹಳ್ಳಿ ಎನ್ನುತ್ತಾರೆ. ದೇವನಹಳ್ಳಿ ತಾಲ್ಲೂಕು. ಬೆಂಗಳೂರಿನಿಂದ ಬಂದ ಬಸ್ಸು ಪೆಟ್ರೋಲಿನದಲ್ಲ, ಇದ್ದಿಲಿನದು. ಬೆನ್ನಿಗೆ ಒಂದು ಉಕ್ಕಿನ ಪೀಪಾಯಿ ಕಟ್ಟಿಕೊಂಡಿತ್ತು, ಏರು ಬಂದಾಗ ನಾವೆಲ್ಲ ಇಳಿದು ತಳ್ಳಿದೆವು. ಇಳಿದ ಕೂಡಲೇ ಮೂಗಿಗೆ ಬಡಿದದ್ದು ಬೆಂದ ಹುಳುವಿನ ವಾಸನೆ. ಅದೊಂದು ನಮ್ಮೂರಿನದೇ. ಮಿಕ್ಕದ್ದೆಲ್ಲ ಬೇರೆ.

ಮೊದಲನೆಯದಾಗಿ ಹೊಳೆ ಇಲ್ಲ. ಸುತ್ತ ಎಲ್ಲಿ ನಡೆದರೂ ಕೆರೆ, ಬಾವಿ, ಮತ್ತೆ ಕೆರೆ. ಕಾವೇರಿಯಲ್ಲಿ ಮುಳುಗಿ ಏಳುತ್ತಿದ್ದವನು ಎರಡು ಬಿಂದಿಗೆ ನೀರಲ್ಲಿ ಮೈ ತೊಳೆಯುವುದನ್ನು ಕಲಿಯಬೇಕಾಯಿತು. ನೀರು ಗಡಸು. ಅದರಲ್ಲಿ ಗೂಡು ಬೇಯಿಸಿದರೆ ಎಳೆ ನಮ್ಮ ಕಡೆಯಷ್ಟು ಸಲೀಸಾಗಿ ಬಿಡುವುದಿಲ್ಲ. ಹದ ಹಿಡಿಯಲು ಹದಿನೈದು ದಿನ ಹಿಡಿಯಿತು. ಬೆಳಗಿನ ಹೊತ್ತು ನಂದಿಬೆಟ್ಟದ ಕಡೆಯಿಂದ ಇಳಿಯುವ ಮಂಜಿಗೆ ಬೆರಳು ಮರಗಟ್ಟುತ್ತವೆ, ಮರಗಟ್ಟಿದ ಬೆರಳನ್ನೇ ಕುದಿಯುವ ಬಾಣಲೆಗೆ ಹಾಕಬೇಕು. ತಿನ್ನುವುದರಲ್ಲಿ ಅಷ್ಟು ಕಷ್ಟವಾಗಲಿಲ್ಲ. ಮುದ್ದೆ ಎಲ್ಲಿ ಹೋದರೂ ಮುದ್ದೆ. ಚಕ್ಕೋತ ಎಂಬ ಹಣ್ಣು ಇಲ್ಲಿ ಮಗುವಿನ ತಲೆಯಷ್ಟು ದಪ್ಪ ಬಿಡುತ್ತದೆ. ಮೊದಲ ಸಲ ಸಿಪ್ಪೆ ಸಮೇತ ಕಚ್ಚಿ ಇಡೀ ಕಾರ್ಖಾನೆಯನ್ನು ನಗಿಸಿದೆ.

ಮಾತೇ ಕಷ್ಟ. ಇಲ್ಲಿ ಒಬ್ಬನೇ ಮನುಷ್ಯ ಗೂಡು ತಂದ ರೈತನೊಡನೆ ತೆಲುಗು, ಯಜಮಾನರೊಡನೆ ಕನ್ನಡ, ತೂಕದವನೊಡನೆ ಸಾಬರ ಮಾತು ಆಡುತ್ತಾನೆ. "ನಕ್ಕೋ" ಎಂದರೆ ಬೇಡ ಎಂದರ್ಥ. ನನಗೆ ಬಂದ ಮೊದಲ ಪರಭಾಷೆಯ ಮಾತು ಅದೇ. ನಮ್ಮ ಕಡೆ ಮಾತಿನ ಕೊನೆಗೆ ಹಾಕುವ "ಕನಾ" ಕೇಳಿ ಇವರಿಗೆ ನಗು. "ಏನಪ್ಪಾ ಕನಾ, ಊಟ ಆಯ್ತಾ ಕನಾ" ಎಂದು ಕೀಟಲೆ ಮಾಡುತ್ತಿದ್ದರು. ಒಂದು ತಿಂಗಳಲ್ಲಿ ನನ್ನ ಹೆಸರೇ ಕನಾ ಆಗಿ, ಪೋಸ್ಟಿನವನು ಕೂಡ ಹಾಗೇ ಕೂಗಲು ಶುರುಮಾಡಿದ.

ಇವೆಲ್ಲ ಹೊಂದಿಕೊಳ್ಳುವ ಮಾತು. ಹೊಂದದೆ ಉಳಿದದ್ದು ಒಂದೇ. ನಮ್ಮಲ್ಲಿ ಸೋಮವಾರ ಸೋಮವಾರ ಒಲೆಯ ಯಜಮಾನ ಹೊಸಿಲ ಮೇಲೆ ನಿಂತು, ಈ ವಾರ ಸೇರಿಗೆ ಇಷ್ಟು ಕೂಲಿ ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಾನೆ. ಒಪ್ಪದವನು ಎದ್ದು ಪಕ್ಕದ ಒಲೆಗೆ ಹೋಗುತ್ತಾನೆ. ಯಾರ ಕೈಗೆ ಎಷ್ಟು ಬಂತೆಂದು ಬೀದಿಯ ಕೊನೆಯ ಮನೆಯ ಮುದುಕಿಗೂ ಗೊತ್ತು. ಇಲ್ಲಿ ಇಪ್ಪತ್ತೆರಡು ಬಾಣಲೆಗಳ ಮುಂದೆ ಇಪ್ಪತ್ತೆರಡು ಜನ ಮೊಣಕೈಗೆ ಮೊಣಕೈ ತಾಗುವಂತೆ ಕೂರುತ್ತೇವೆ. ಹೆಂಡತಿ ಜಗಳ, ಹೊಟ್ಟೆನೋವು, ಅತ್ತೆಯ ಕಾಟ ಎಲ್ಲ ಹೇಳಿಕೊಳ್ಳುತ್ತೇವೆ. ಸಂಬಳ ಮಾತ್ರ ಯಾರೂ ಹೇಳುವುದಿಲ್ಲ. ತಿಂಗಳ ಮೊದಲ ದಿನ ಒಬ್ಬೊಬ್ಬರನ್ನೇ ಒಳಗೆ ಕರೆದು, ಮಡಿಚಿದ ಕಾಗದದಲ್ಲಿ ಕೊಡುತ್ತಾರೆ. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗೆ ಬರುವಾಗ ಮುಖವನ್ನು ಹೇಗಿಟ್ಟುಕೊಳ್ಳಬೇಕು ಎಂಬುದಕ್ಕೂ ಒಂದು ರೀತಿಯಿದೆ. ನಗಬಾರದು, ಗಂಟೂ ಹಾಕಬಾರದು.

ನನ್ನ ಕಾಗದದಲ್ಲಿ ಇಪ್ಪತ್ತು ರೂಪಾಯಿ ಇತ್ತು.

"ಇಪ್ಪತ್ತೇನಾ?" ಎಂದು ಮಾದಪ್ಪನನ್ನು ಕೇಳಿದೆ.

"ನಿನ್ನೆ ಮೊನ್ನೆ ಬಂದೋನ್ಗೆ ಇಪ್ಪತ್ತು ಅಂದ್ರೆ ಮಾತಾ? ಎಷ್ಟು ಜಗ್ಗಾಡ್ದೆ ಗೊತ್ತಾ ಅವತ್ತು? ಯಾರ್ಗೂ ಏಳ್ಬ್ಯಾಡ ಕನಾ."

ನಾನು ಅವನ ಭುಜದ ಮೇಲೆ ಕೈಯಿಟ್ಟೆ. ನನಗಾಗಿ ಜಗ್ಗಾಡಿದನಲ್ಲ ಎಂದು ಕಣ್ಣು ತೇವವಾಯಿತು. ಅದನ್ನು ಬರೆಯಲು ಈಗ ನಾಚಿಕೆ.

ಗೂಡಿನ ದಳ್ಳಾಳಿ ದಸ್ತಗೀರ್ ಸಾಬರು ದಿನಾ ಕಾರ್ಖಾನೆಗೆ ಬರುತ್ತಿದ್ದರು. ಅರವತ್ತು ದಾಟಿದವರು, ಮಾತಿಗೆ ಮೊದಲು ನಗುವವರು. ಅವರ ಹಿತ್ತಲಿನ ಒಂದು ಕೋಣೆ ಖಾಲಿ ಇದೆಯೆಂದು ಕೇಳಲು ಹೋದಾಗ ಪರಿಚಯವಾಯಿತು. ಹೆಂಡತಿ ಮಗು ಬಂದರೆ, ಅದುವರೆಗೆ ನಾನು ಮಲಗುತ್ತಿದ್ದ ಮಾದಪ್ಪನ ಪಡಸಾಲೆಯಲ್ಲಿ ಇರಲಾಗುವುದಿಲ್ಲ. ಬಾಡಿಗೆ ಏಳು ರೂಪಾಯಿ ಎಂದರು. ನಾನು ಚಪ್ಪಲಿ ಹುಡುಕಿದ್ದು ನೋಡಿ, "ಭಾಯಿ, ನಿಮ್ಮಂಥಾ ಕೈಯಿನೋರಿಗೆ ಏಳು ಭಾರಾನಾ? ಯಜಮಾನ್ರು ಏನು ಕೊಡ್ತಾರೆ?" ಎಂದರು. ಮೂರು ತಿಂಗಳಲ್ಲಿ ಮೊದಲ ಸಲ ಒಬ್ಬರು ನನ್ನನ್ನು ನೇರವಾಗಿ ಕೇಳಿದ್ದರು. ಹೇಳಿಬಿಟ್ಟೆ. ಅವರು ನಗಲಿಲ್ಲ.

"ನಿಮ್ಮ ನೂಲು ಬೆಂಗ್ಳೂರಲ್ಲಿ ಒಂದನೇ ನಂಬರ್ ಅಂತ ಹೋಗ್ತದೆ. ನಾನೇ ಕೈಯಿಂದ ಮುಟ್ಟಿ ನೋಡಿದೀನಿ. ಕೇಳಿ ಹೋಗಿ."

"ಕೇಳಕ್ಕೆ ಒಂಥರಾ ಆಯ್ತದೆ ಸಾಬ್ರೆ."

"ಅವ್ರಿಗೆ ಕೊಡಾಕೂ ಒಂಥರಾ ಆಗ್ತದೆ. ಹಂಗೇ ಇಬ್ರೂ ಕೂತ್ಕೊಂಡ್ರೆ ಯಾರಿಗೆ ಲಾಭ ಹೇಳಿ."

ಅವತ್ತೇ ಬೆರಳಿನ ಲೆಕ್ಕವನ್ನೂ ತೋರಿಸಿಕೊಟ್ಟರು. ತಮ್ಮ ಚೌಕ ಹಾಕಿ, ನನ್ನ ಕೈ ಹಿಡಿದು, ಮೊದಲು ಹಿಡಿದ ಬೆರಳು ಒಂದೊಂದೂ ಹತ್ತು, ಆಮೇಲೆ ಹಿಡಿದದ್ದು ಬಿಡಿ ರೂಪಾಯಿ, ಇಡೀ ಅಂಗೈ ಹಿಡಿದರೆ ಐದು ಎಂದು. ಇಷ್ಟೇನಾ ಎಂದೆ. ಇಷ್ಟೇ ಎಂದರು. ಅರ್ಧ ಗಳಿಗೆಯಲ್ಲಿ ಕಲಿಯಬಹುದಾದ ವಿದ್ಯೆ.

ಮರುದಿನ ಕೆಲಸ ಬಿಟ್ಟ ಮೇಲೆ ಯಜಮಾನರ ಮುಂದೆ ನಿಂತು, ಮನೆ ಮಾಡಬೇಕು, ಐದು ರೂಪಾಯಿ ಹೆಚ್ಚು ಮಾಡಬೇಕು ಎಂದೆ. ಅವರು ಸಿಟ್ಟಾಗಲಿಲ್ಲ. ಸೋಜಿಗದಿಂದ ನೋಡಿದರು. "ಕೊಡೋದು ನಾನೇ ಕೊಟ್ಟಿದ್ನಲ್ಲಪ್ಪ. ಬೇಡ ಅಂದಿದ್ದು ನಿಮ್ಮೋನೇ," ಎಂದರು.

ನನಗೆ ಅರ್ಥವಾಗಲಿಲ್ಲ. ಅವರು ಚೌಕ ತೆಗೆದರು. ಸುತ್ತ ಯಾರೂ ಇರಲಿಲ್ಲ. ಆದರೂ ಅಭ್ಯಾಸ, ಚೌಕವಿಲ್ಲದೆ ಅವರಿಗೆ ಲೆಕ್ಕವೇ ಬರುವುದಿಲ್ಲ. ನನ್ನ ಕೈಯನ್ನು ಅದರ ಕೆಳಗೆ ಎಳೆದುಕೊಂಡು ಮೂರು ಬೆರಳು ಕೊಟ್ಟರು. "ಅವತ್ತು ನಾನು ಕೊಟ್ಟಿದ್ದು ಇದು." ನಂತರ ನನ್ನ ಕೈಯಿಂದಲೇ ತಮ್ಮ ಉಂಗುರದ ಬೆರಳನ್ನು ಅಂಗೈಯೊಳಕ್ಕೆ ಮಡಚಿಸಿದರು. "ನಿಮ್ಮ ಮಾದಪ್ಪ ಮಾಡಿದ್ದು ಇದು. ಇಷ್ಟು ಸಾಕು, ಅವ್ನು ಕೇಳೋ ಪೈಕಿ ಅಲ್ಲ ಅಂತ ನೀನು ಒಳ್ಗೆ ಹೋದ್ಮೇಲೆ ಅಂದ. ನಾನು ಮೋಸ ಮಾಡ್ದೋನಲ್ಲ, ತಿಳ್ಕೋ. ಆದ್ರೆ ಚೌಕದ ಕೆಳ್ಗೆ ಒಪ್ಪಿದ್ದು ಒಪ್ಪಿದ್ದೇ."

ಆ ಬೆರಳಿನ ಉಂಗುರ ತಣ್ಣಗಿತ್ತು. ಕೈ ಬಿಡಿಸಿಕೊಂಡು ಬಂದೆ.

ಮಾದಪ್ಪ ಒಲೆಗಳ ಹಿಂದೆ ಸೌದೆ ಎಣಿಸುತ್ತಿದ್ದ. ಜಗಳವಾಡುವ ಉದ್ದೇಶವಿತ್ತು. ಬಾಯಿಗೆ ಬಂದದ್ದು ಒಂದೇ ಮಾತು. "ಮೂರು ಬೆರಳಂತಲ್ಲ ಮಾದಣ್ಣ."

ಅವನು ಸೌದೆ ಕೆಳಗಿಟ್ಟ. ಸುಳ್ಳು ಹೇಳುತ್ತಾನೆ ಎಂದುಕೊಂಡಿದ್ದೆ. ಹೇಳಲಿಲ್ಲ.

"ನಂದೆಷ್ಟು ಗೊತ್ತಾ ನಿಂಗೆ? ಇಪ್ಪತ್ತಾರು. ಆರು ವರ್ಸ ಆದ್ಮೇಲೆ, ಮೇಸ್ತ್ರಿ ಅನ್ನುಸ್ಕೊಂಡ್ಮೇಲೆ, ಇಪ್ಪತ್ತಾರು. ಅವತ್ತು ಆ ವಯ್ಯ ನಿನ್ ಮುಖ ನೋಡೋಕ್ಕೂ ಮುಂಚೆ ಮೂರು ಬೆರಳು ನನ್ ಕೈಗಿಟ್ಟ. ನಂಗೆಂಗಾಗ್ಬೇಕು ಏಳು."

"ಅದಕ್ಕೆ ನಂದು ಮುರ್ದ್ಯಾ?"

"ನಾನ್ ಮುರೀಲಿಲ್ಲ. ಕೈ ತಂತಾನೇ ಮಡುಚ್ತು ಕನಾ."

"ನಂಗೇಳ್ಬೋದಿತ್ತಲ್ಲ. ಇಬ್ರೂ ಓಗಿ ಕೇಳ್ಬೋದಿತ್ತು. ನಿಂಗೂ ಮೂವತ್ತು ಬರ್ತಿತ್ತು."

"ನೀನಾ? ಕೇಳೋನಾ ನೀನು?" ಎಂದ. ಹಂಗಿಸಿದ್ದಲ್ಲ, ನಿಜವಾಗಿ ಕೇಳಿದ. "ಚಿಕ್ಕಂದಿಂದ ನೋಡಿಲ್ವಾ ನಾನು. ಗಂಜಿಗಿಲ್ದಿದ್ರೂ ಉಂಡೆ ಅಂತಿದ್ದೋನು ನೀನು. ಅದಕ್ಕೇ ಧೈರ್ಯ ಬಂತು."

ಅವನು ಹತ್ತು ರೂಪಾಯಿ ತಾನು ತಿಂದಿದ್ದರೆ ನನಗೆ ಇಷ್ಟು ಸುಡುತ್ತಿರಲಿಲ್ಲ. ಕಳ್ಳನನ್ನು ಕಳ್ಳ ಎನ್ನಬಹುದು. ಇವನು ಒಂದು ಕಾಸೂ ಮುಟ್ಟಿರಲಿಲ್ಲ. ನಾನು ನನ್ನ ಮರ್ಯಾದೆ ಎಂದು ತಲೆಯ ಮೇಲೆ ಹೊತ್ತು ತಿರುಗುತ್ತಿದ್ದದ್ದನ್ನು ಅವನು ಒಂದು ಬೆರಳಿಗೆ ಮಡಚಿ ಯಜಮಾನನಿಗೆ ಕೊಟ್ಟಿದ್ದ. ಅದೂ ಬಾಲ್ಯದಿಂದ ನನ್ನನ್ನು ಬಲ್ಲವನಾದ್ದರಿಂದ. ಪರವೂರಿನವನಾಗಿದ್ದರೆ ಅವನಿಗೆ ಅಷ್ಟು ನಿಖರವಾಗಿ ಗೊತ್ತಿರುತ್ತಿರಲಿಲ್ಲ.

ಅವತ್ತೇ ಚಾಪೆ ಸುತ್ತಿಕೊಂಡು ಅವನ ಪಡಸಾಲೆ ಬಿಟ್ಟೆ. ಸಾಬರು ಬಾಡಿಗೆ ಐದಕ್ಕೆ ಇಳಿಸಿದರು. ಇಳಿಸಿದ್ದನ್ನು ಎಲ್ಲರೆದುರು ಜೋರಾಗಿಯೇ ಹೇಳಿದರು.

ಯುಗಾದಿ ಕಳೆದ ಮೇಲೆ ಹೊಸಕೋಟೆಯಲ್ಲಿ ಹೊಸ ಕಾರ್ಖಾನೆ ತೆರೆಯುವ ಸುದ್ದಿ ಬಂತು. ಮೇಸ್ತ್ರಿ ಬೇಕಂತೆ. ಸಾಬರೇ ಆ ಜಾಹೀರಾತಿನ ಕಾಗದ ತಂದುಕೊಟ್ಟರು. ಅದರ ಕೊನೆಯ ಸಾಲು ನೋಡಿದೆ. ಇಲ್ಲೂ ಸಂಬಳದ ಜಾಗದಲ್ಲಿ ಯೋಗ್ಯತೆ ಕೂತಿತ್ತು.

ನಾಲ್ಕು ದಿನ ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಅರ್ಜಿ ಹಾಕಬೇಕೋ ಬೇಡವೋ. ಹಾಕದಿದ್ದರೆ ಇಪ್ಪತ್ತು ರೂಪಾಯಿ, ಪಕ್ಕದಲ್ಲಿ ದಿನಾ ಮಾದಪ್ಪನ ಮುಖ, ಊರಲ್ಲಿ ದಾರಿ ನೋಡುವ ಹೆಂಡತಿ ಮಗು. ಹಾಕಿದರೆ ಮತ್ತೆ ಯಾರದೋ ಚೌಕದ ಮುಂದೆ ನಿಲ್ಲುವುದು. ಒಂದು ಅರ್ಜಿ ಬರೆದು ಅದರಲ್ಲಿ "ಮೂವತ್ತೈದು ರೂಪಾಯಿಗೆ ಕಮ್ಮಿಯಾದರೆ ಕರೆಯಬೇಡಿ" ಎಂದು ಸೇರಿಸಿದೆ. ಸಾಬರು ಓದಿಸಿಕೊಂಡು ಕೇಳಿ, "ನಕ್ಕೋ ಭಾಯಿ, ನಕ್ಕೋ," ಎಂದರು. "ಇದು ಬರೆದ್ರೆ ಅವ್ರು ಕರೆಯೋದೇ ಇಲ್ಲ. ಸುಮ್ನೆ ಹೆಸರು ಹಾಕಿ ಕಳ್ಸಿ. ಕರೀತಾರೆ. ಹೋಗಿ ಕೈ ಕೊಡಿ. ಈಗ ಬೆರಳು ಗೊತ್ತಲ್ಲ ನಿಮ್ಗೆ, ನಿಮ್ಮ ಬದ್ಲು ಯಾರೂ ಮಡಚಂಗಿಲ್ಲ."

ಅದು ಸರಿಯೆನಿಸಿತು. ಹೆಸರು ಹಾಕಿ ಕಳಿಸಿದೆ. ಕರೆದರು.

ಸೂಲಿಬೆಲೆಯ ಮೇಲಿಂದ ಹೊಸಕೋಟೆಗೆ ಹೋಗುವ ದಾರಿಯುದ್ದಕ್ಕೂ ಬೆರಳು ಹಿಡಿಯುವುದನ್ನು ತೊಡೆಯ ಮೇಲೆ ಅಭ್ಯಾಸ ಮಾಡಿದೆ. ಅಲ್ಲಿನ ಜಗಲಿಯಲ್ಲಿ ಐದಾರು ಜನ ನೂಲು ಬಿಚ್ಚುವವರು ಆಗಲೇ ಸೇರಿಕೊಂಡು ಹೊಸ ಬಾಣಲೆಗಳನ್ನು ಉಜ್ಜುತ್ತಿದ್ದರು. ಆ ಯಜಮಾನರು ಒಳ್ಳೆಯ ಮನುಷ್ಯ. ಮೊದಲು ಮಜ್ಜಿಗೆ ಕೊಡಿಸಿದರು. ನಾನು ತಂದಿದ್ದ ಒಂದು ಲಡಿ ನೂಲನ್ನು ಬೆಳಕಿಗೆ ಹಿಡಿದು ನೋಡಿ, "ಕೈ ಇದೆಯಪ್ಪಾ ನಿಂಗೆ" ಎಂದರು. ಆಮೇಲೆ ಚೌಕ ಹಾಸಿದರು.

ಕೈ ಒಳಗಿಟ್ಟೆ. ಅವರು ಮೂರು ಬೆರಳು ಕೊಟ್ಟರು. ನಾನು ಅಲುಗಲಿಲ್ಲ. ಒಂದು ಗಳಿಗೆ ಬಿಟ್ಟು ಇಡೀ ಅಂಗೈ ಕೊಟ್ಟರು.

ಮೂವತ್ತೈದು. ನಾನು ಬರೆದು ಹರಿದ ಅರ್ಜಿಯಲ್ಲಿದ್ದ ಲೆಕ್ಕವೇ. ನಾನು ಮಾಡಬೇಕಾಗಿದ್ದದ್ದು ತಲೆಯಾಡಿಸುವುದು, ಕೈ ಹೊರಗೆ ತೆಗೆಯುವುದು. ಅಷ್ಟು ಮಾಡಿದ್ದರೆ ತಾಯಮ್ಮನಿಗೆ ಅವತ್ತೇ ಕಾಗದ ಹಾಕಬಹುದಿತ್ತು. ಎದುರಿಗೆ ಬಾಣಲೆ ಉಜ್ಜುತ್ತಿದ್ದವರ ಬೆನ್ನು ಕಾಣುತ್ತಿತ್ತು. ನಾಳೆ ನಾನು ಇವರ ಮೇಸ್ತ್ರಿ. ಇವರ ನೆಂಟನೊಬ್ಬ ಕೆಲಸ ಕೇಳಿ ಬಂದರೆ ಇದೇ ಚೌಕದ ಕೆಳಗೆ ಕೈಯಿಡುವವನು ನಾನು. ಅವತ್ತು ನನ್ನ ಕೈ ಏನು ಮಾಡುತ್ತದೆ ಎಂಬುದು ನನಗೇ ಗೊತ್ತಿರಲಿಲ್ಲ. ಹಾಗೆಂದು ಅಷ್ಟು ಹೊತ್ತಿನಲ್ಲಿ ಇದೆಲ್ಲ ಯೋಚಿಸಿದೆ ಎಂದರೆ ಸುಳ್ಳು. ಆಮೇಲೆ ಯೋಚಿಸಿದ್ದು.

"ಮೂವತ್ತೈದು ರೂಪಾಯಿ. ಒಪ್ಗೆ," ಎಂದೆ. ನಮ್ಮೂರಿನ ಹೊಸಿಲ ಮೇಲೆ ನಿಂತವರ ಗಂಟಲಲ್ಲಿ.

ಉಜ್ಜುವ ಸದ್ದು ನಿಂತಿತು. ಐದಾರು ಮುಖಗಳೂ ತಿರುಗಿದವು. ಯಜಮಾನರು ಕೈ ಹಿಂದಕ್ಕೆ ಎಳೆದುಕೊಂಡರು. ಚೌಕವನ್ನು ನಿಧಾನವಾಗಿ ನಾಲ್ಕು ಮಡಿಕೆ ಮಾಡಿದರು.

"ಯಾಕಪ್ಪಾ ಬಾಯಿ ಬಿಟ್ಟೆ?" ಎಂದರು ಕೊನೆಗೆ, ಮೆಲ್ಲಗೆ. "ಕೊಡ್ತಿದ್ನಲ್ಲ ನಾನು. ಮೂವತ್ತೈದು ಹೆಚ್ಚಾಯ್ತು ಅಂತಲ್ಲ. ಈಗ ಇವ್ರಿಗೆ ನಾನೇನು ಹೇಳ್ಲಿ? ಬಾಯಿ ತಪ್ಪಿ ಬಂತು, ತಮಾಷೆಗಂದೆ ಅನ್ನು, ಈಗ್ಲೇ ಅನ್ನು. ಮಿಕ್ಕಿದ್ದು ನಾನು ನೋಡ್ಕೋತೀನಿ."

ಅಂದಿದ್ದರೆ ಕೆಲಸ ಉಳಿಯುತ್ತಿತ್ತು. "ಬಾಯಿ ತಪ್ಪಿಲ್ಲ ಸ್ವಾಮಿ," ಎಂದೆ.

"ಹಾಗಾದ್ರೆ ಹೋಗಿ ಬಾ," ಎಂದರು. ಬಸ್ಸಿನ ಚಾರ್ಜು ಕೊಡಲು ಬಂದರು. ತೆಗೆದುಕೊಳ್ಳಲಿಲ್ಲ. ಈಗನಿಸುತ್ತದೆ, ತೆಗೆದುಕೊಳ್ಳಬೇಕಿತ್ತು.

ಬಸ್ಸಿಗೆ ಕಾಯುತ್ತ ಹುಣಸೇಮರದ ಕೆಳಗೆ ನಿಂತಿದ್ದಾಗ ಬಾಣಲೆ ಉಜ್ಜುತ್ತಿದ್ದವರಲ್ಲಿ ಒಬ್ಬ ಹಿರಿಯ ಹಿಂದೆಯೇ ಬಂದ. ಸಮೇತನಹಳ್ಳಿಯವನಂತೆ. ಕೈಯಲ್ಲಿ ಇನ್ನೂ ಬೂದಿ ಹತ್ತಿತ್ತು.

"ದಿಟವಾಗ್ಲೂ ಮೂವತ್ತೈದು ಅಂದ್ರಾ?"

"ಅಂದ್ರು."

"ಮೇಸ್ತ್ರಿ ಕೆಲ್ಸಕ್ಕೆ ನನ್ನೂ ಕೇಳಿದ್ರು. ಇಪ್ಪತ್ತೆಂಟಕ್ಕೆ ಮೇಲೆ ಯಾರೂ ಕೊಡಲ್ಲ ಅಂದ್ರು. ಅಷ್ಟಕ್ಕೆ ಹೆಗಲ ಮೇಲೆ ಭಾರ ಯಾಕೆ ಅಂತ ಬಿಟ್ಟೆ." ಕೈಯ ಬೂದಿಯನ್ನು ಪಂಚೆಗೆ ಒರೆಸಿಕೊಂಡ. "ನೀನು ಹೇಳ್ದೆ ಹೋಗಿದ್ರೆ ಚೆನ್ನಾಗಿತ್ತು ಕಣಪ್ಪಾ. ನೆಮ್ಮದಿಯಾಗಿದ್ದೆ."

ನಾನು ಮಾಡಿದ ಒಂದೇ ಒಂದು ದೊಡ್ಡ ಕೆಲಸಕ್ಕೆ ಸಿಕ್ಕ ಮಾತು ಅದು. ಅವನ ಮೇಲೆ ಸಿಟ್ಟು ಬರಲಿಲ್ಲ. ನಾನೂ ಮೂರು ತಿಂಗಳು ಅವನಂತೆಯೇ ನೆಮ್ಮದಿಯಾಗಿದ್ದವನು.

ಈಗಲೂ ವಿಜಯಪುರದಲ್ಲೇ ಇದ್ದೇನೆ, ಅದೇ ಬಾಣಲೆಯ ಮುಂದೆ. ಸಂಬಳ ಇಪ್ಪತ್ತು. ಇಲ್ಲಿ ಬರೆದಿದ್ದೇನೆ, ಯಾರು ಬೇಕಾದರೂ ಓದಲಿ. ಮಾದಪ್ಪ ದಿನಕ್ಕೆ ಹತ್ತು ಸಲ ನನ್ನ ಬೆನ್ನ ಹಿಂದೆ ನಡೆದು ಹೋಗುತ್ತಾನೆ. ನಾವು ಮಾತಾಡುವುದಿಲ್ಲ. ಅವನು ಊರಿಗೆ ಬರೆದ ಕಾಗದ ನನ್ನ ಕಾಗದಕ್ಕಿಂತ ಮೊದಲೇ ಮುಟ್ಟಿತ್ತು. ನನ್ನ ಅಣ್ಣ ನನಗೆ ಬರೆದ: ದುಡ್ಡಿಗೋಸ್ಕರ ಹೊಸಕೋಟೆಯಲ್ಲಿ ನಾಲ್ಕು ಜನರ ಎದುರು ಕೂಗಾಡಿದೆಯಂತೆ, ದಾರಿ ತೋರಿಸಿದ ಮಾದಪ್ಪನ ಮೇಲೆಯೇ ತಿರುಗಿಬಿದ್ದೆಯಂತೆ, ನಮ್ಮ ಬೀದಿಯ ಹೆಸರು ಕೆಡಿಸಬೇಡ. ಸಂಬಳವನ್ನು ಬೀದಿಗೆ ಕೂಗಿ ಹೇಳುವ ಊರಿನವನು ಅವನು. ನಾನು ಕೂಗಿದ್ದು ಅವನಿಗೆ ತಪ್ಪಾಯಿತು.

ಅರ್ಜಿ ಹಾಕಬೇಕೆಂದಿರುವ ನಮ್ಮ ಬೀದಿಯ ಆ ನಾಲ್ಕು ಜನರಿಗೆ ನನ್ನ ಮಾತು ಇಷ್ಟು. ಜಾಹೀರಾತಿನಲ್ಲಿ ಸಂಬಳ ಇಲ್ಲದಿದ್ದರೆ, ಅಲ್ಲಿ ಆಗಲೇ ಕೆಲಸ ಮಾಡುತ್ತಿರುವವನಿಗೆ ಕಾಗದ ಹಾಕಿ ಅವನ ಸಂಬಳ ಕೇಳಿ. ಹೇಳಿದರೆ ಅರ್ಜಿ ಹಾಕಿ. "ನಾನಿದ್ದೀನಿ ಬಾ" ಎಂದು ಬರೆದರೆ, ಅವನು ನಿಮ್ಮ ಅಣ್ಣನೇ ಆಗಿರಲಿ, ಬಸ್ಸು ಹತ್ತಬೇಡಿ. ಇದನ್ನು ಅಣ್ಣನೂ ಓದುತ್ತಾನೆಂದು ಗೊತ್ತಿದ್ದೇ ಬರೆದಿದ್ದೇನೆ.

ನಾನು ಕರೆಯುವ ಮೊದಲೇ ತಾಯಮ್ಮ ಬಂದುಬಿಟ್ಟಳು. ಮನೆಯವರ ಮಾತು ಕೇಳಿ ಕೇಳಿ ಸಾಕಾಗಿ, ಮಗಳನ್ನು ಕಂಕುಳಲ್ಲಿ ಇರುಕಿಕೊಂಡು, ಹತ್ತಾರು ಜನರನ್ನು ದಾರಿ ಕೇಳಿಕೊಂಡು. ಸಾಬರ ಹಿತ್ತಲ ಕೋಣೆಗೆ ಬಂದ ಎರಡನೆಯ ದಿನವೇ ಬಾವಿಕಟ್ಟೆಯಲ್ಲಿ ಹೆಂಗಸರನ್ನು ಕೇಳಲು ಶುರುಮಾಡಿದಳು. "ನಿಮ್ಮನೇರ್ಗೆ ಎಷ್ಟವ್ವಾ ಕೊಟ್ಟರು?" ಹಿತ್ತಲ ಗೋಡೆಯ ಈಚೆ ನಿಂತು ಕೇಳಿಸಿಕೊಂಡೆ. ಬೇಡ ಎಂದು ಸನ್ನೆ ಮಾಡಿದೆ. ಹೊಸಕೋಟೆಯಲ್ಲಿ ಗಂಟಲು ಏರಿಸಿದವನು ನಾನೇ, ಇಲ್ಲಿ ನನ್ನ ಹೆಂಡತಿ ನಮ್ಮೂರಿನಂತೆ ಮಾತಾಡಿದ್ದಕ್ಕೆ ಬಾಗಿಲ ಮರೆಗೆ ಸರಿದವನೂ ನಾನೇ. ಹೆಂಗಸರು ಮೊದಲು ಸೆರಗು ಅಡ್ಡ ಹಿಡಿದು ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ಹೇಳಿದರು.

ಅವಳು ಬಿಂದಿಗೆ ಇಳಿಸಿ ನನ್ನೆದುರು ಕೂತಳು. "ಮಾದಣ್ಣನ ಹೆಂಡ್ರೂ ಬಂದಿದ್ಲು. ಅವಳ ಗಂಡನ್ಗೆ ಇಪ್ಪತ್ತೆರಡಂತೆ."

"ಇಪ್ಪತ್ತಾರು ಕನಾ. ನಂಗೇ ಏಳವ್ನೆ."

"ಅವಳ್ಗೆ ಇಪ್ಪತ್ತೆರಡು ಅಂತ ಏಳವ್ನೆ."

ನನಗೆ ನಗು ಬಂತು, ಮಾದಪ್ಪನನ್ನು ನೆನೆದು ಸಿಟ್ಟೂ ಬಂತು, ಅಯ್ಯೋ ಎಂದೂ ಅನಿಸಿತು. ತಾಯಮ್ಮ ನಗಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

"ನೀನು ಕಾಗ್ದದಲ್ಲಿ ಇಪ್ಪತ್ತು ಅಂತ ಬರ್ದಿದ್ದೆ," ಎಂದಳು. "ಅದು ನಿಜ್ವಾ?"

"ನಿಜ ಕನಾ."

"ನಿಜ್ವಾಗ್ಲೂ?"

ಹನ್ನೊಂದು ವರ್ಷ ಬಾಳಿದ ಹೆಂಗಸು. ಮದುವೆಯಾದಂದಿನಿಂದ ನನ್ನ ವಾರದ ಕೂಲಿ ನನಗಿಂತ ಮೊದಲು ಬೀದಿಯಲ್ಲಿ ಕೇಳಿ ತಿಳಿಯುತ್ತಿದ್ದವಳು. ಒಂದು ಸಲವೂ ಹೀಗೆ ಕೇಳಬೇಕಾಗಿ ಬಂದಿರಲಿಲ್ಲ. ಮಗಳ ತಲೆ ಮುಟ್ಟಿ ಹೇಳಲು ಹೋದೆ. ಅವಳೇ ಕೈ ತಡೆದಳು.

"ಬುಡು, ಆಣೆ ಗೀಣೆ ಬ್ಯಾಡ," ಎಂದು ಎದ್ದು ಮುದ್ದೆಗೆ ಎಸರಿಟ್ಟಳು. ಉಣ್ಣಲು ಬಡಿಸುವಾಗ ಒಮ್ಮೆ ನನ್ನ ಮುಖ ನೋಡಿದಳು. ಬಾವಿಕಟ್ಟೆಯಲ್ಲಿ ಕಂಡ ಹೆಂಗಸರ ಗಂಡಂದಿರಲ್ಲಿ ಒಬ್ಬನನ್ನು, ಸಂಬಳ ಮುಚ್ಚಿಡುವ ಈ ಊರಿನವನೊಬ್ಬನನ್ನು ನೋಡಿದ ಹಾಗಿತ್ತು.